ಹದಿನಾಲ್ಕು ಪದವಿ ಬಿಸಾಕಿ ಮೂರು ಸಂಬೋಧನೆ ಉಳಿಸಿಕೊಂಡೆ

ಡಂಜನ್ಸ್ ಅಂಡ್ ಡ್ರಾಗನ್ಸ್ (ಡಿ ಅಂಡ್ ಡಿ) ಅಂದರೆ ಮೇಜಿನ ಸುತ್ತ ಕೂತು, ಪಾತ್ರವಾಗಿ ಮಾತಾಡಿ, ದಾಳ ಉರುಳಿಸಿ ಕಥೆ ಕಟ್ಟುವ ಆಟ. ಅದನ್ನು ಕನ್ನಡದಲ್ಲಿ ಆಡಿಸಿದರೆ ನಾಟಕ ಕಂಪನಿ ಥರ ಕೇಳಿಸುತ್ತೆ ಅಂದವರೇ ಈಗ ಮುಂದಿನ ದರಬಾರು ಯಾವಾಗ ಅಂತ ಕೇಳುತ್ತಿದ್ದಾರೆ. ಫಿಫ್ತ್ ಎಡಿಷನ್, ಐದು ಜನ, ಕಲ್ಯಾಣ ಚಾಲುಕ್ಯರ ನೆರಳಿರುವ ಲೋಕ, ಇಪ್ಪತ್ತು ಚಿಲ್ಲರೆ ಸೆಷನ್‌ಗಳಲ್ಲಿ ಯಾರನ್ನು ಏನಂತ ಕರೆಯಬೇಕು ಅಂತ ಹುಡುಕಿದ ಲೆಕ್ಕ ಇದು.

ಮೊದಲು ಕೆಟ್ಟದ್ದು. ಮಹಾಮಂಡಲೇಶ್ವರ, ಮಹಾಪ್ರಧಾನ, ಸಂಧಿವಿಗ್ರಹಿ, ದಂಡನಾಯಕ ಅಂತ ಹದಿನಾಲ್ಕು ಪದವಿಗಳಿಗೆ ಕಾರ್ಡ್ ಮಾಡಿಸಿದೆ. 300 ಜಿಎಸ್‌ಎಂ ದಪ್ಪ ಕಾಗದ, ಎರಡೂ ಕಡೆ ಬಣ್ಣ, ಲ್ಯಾಮಿನೇಷನ್. ಐದು ಸೆಟ್‌ಗೆ ಸಾವಿರದ ಹತ್ತಿರ ಹೋಯಿತು. ಕಾರ್ಡ್ ತಡಕುವಷ್ಟರಲ್ಲಿ ದೃಶ್ಯ ತಣ್ಣಗಾಗಿ, ಕೊನೆಗೆ ಚಕ್ರವರ್ತಿಗೂ ‘ಸಾರ್’. ಆ ಕಾರ್ಡುಗಳು ಈಗ ಕಾಫಿ ಲೋಟದ ಕೆಳಗಿವೆ.

ಇಂಗ್ಲಿಷಿನದೂ ಒಗ್ಗಲಿಲ್ಲ. ‘ಮೈ ಲಾರ್ಡ್’ ಅಂದರೆ ಕೋರ್ಟ್ ಸೀನು, ‘ಘನತೆವೆತ್ತ’ ಅಂದರೆ ರಾಜ್ಯಪಾಲರ ಆಹ್ವಾನಪತ್ರಿಕೆ. ‘ಮಹಾಪ್ರಭು’ ಈಗ ವ್ಯಂಗ್ಯಕ್ಕೇ ಮೀಸಲು.

ನಾಮಪದ ಬಿಟ್ಟು ಕ್ರಿಯಾಪದ ಹಿಡಿದ ಮೇಲೆ ದಾರಿಗೆ ಬಂತು. ನೀನು, ನೀವು, ತಾವು ಮೂರು ಮೆಟ್ಟಿಲು. ಬಾ, ಬನ್ನಿ, ದಯಮಾಡಿಸಬೇಕು ಅನ್ನೋದರಲ್ಲೇ ಅಂತಸ್ತು ಗೊತ್ತಾಗುತ್ತೆ. ಜೊತೆಗೆ ಮೂರೇ ಸಂಬೋಧನೆ. ಅರಮನೆಯಲ್ಲಿ ‘ಜೀಯ’: ಎರಡೇ ಅಕ್ಷರ, ಗಮಕ ಕೇಳಿದವರಿಗೆ ಹೊಸದಲ್ಲ. ಸಮಾನರಿಗೆ ಪದವಿಯೇ ಸಾಕು, ‘ದಣ್ಣಾಯಕರೇ’. ಹಳ್ಳಿಯವರದು ‘ಬುದ್ಧಿ’, ಅದಕ್ಕೆ ಜಮೀನ್ದಾರಿಕೆಯ ವಾಸನೆ ಇರುವುದರಿಂದ ಎನ್‌ಪಿಸಿಗಳ (ನಾನೇ ನಡೆಸುವ ಪಾತ್ರಗಳ) ಬಾಯಲ್ಲಿ ಮಾತ್ರ, ಆಟಗಾರರಿಂದ ಹೇಳಿಸಲ್ಲ. ಶಾಸನದ ಗಾವುಂಡ, ಸೇನಬೋವರನ್ನು ಕಲಿಸಬೇಕಾಗಲೇ ಇಲ್ಲ. ಗೌಡ್ರು, ಶಾನುಭೋಗ್ರು ಅಂದರೆ ಬಾಯಿ ತಾನೇ ‘ನೀವು’ಗೆ ಹೊರಳುತ್ತೆ.

ದಾಳದ ಲೆಕ್ಕದಲ್ಲಿ ಎರಡು ಸಲ ಮುಗ್ಗರಿಸಿದೆ. ಸರಿಯಾಗಿ ಕರೆದರೆ ಅಡ್ವಾಂಟೇಜ್ ಅಂತ ಇಟ್ಟೆ: ಇಪ್ಪತ್ತು ಮುಖದ ದಾಳ ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳೋದು. ಸರಾಸರಿ 10.5ರಿಂದ 13.8ಕ್ಕೆ ಏರುತ್ತೆ, ಯಾರು ಬಿಡ್ತಾರೆ? ನೀರು ಕೇಳೋಕೂ ‘ಜೀಯ’. ತಪ್ಪಿದರೆ ಡಿಸಿಗೆ, ಅಂದರೆ ಗೆಲ್ಲಲು ದಾಳ ಮುಟ್ಟಬೇಕಾದ ಅಂಕೆಗೆ, 5 ಸೇರಿಸಿದೆ. ಇಬ್ಬರು ದರಬಾರಿನಲ್ಲಿ ಬಾಯೇ ಬಿಡಲಿಲ್ಲ. ಈಗ ಸರಿ ಮಾತಿಗೆ ಬಹುಮಾನವಿಲ್ಲ. ಒಂದು ಮೆಟ್ಟಿಲು ಕೆಳಗೆ ಬಿದ್ದರೆ ಡಿಸಿ 15 ಇದ್ದದ್ದು 17, ಆ ದೃಶ್ಯಕ್ಕಷ್ಟೇ. ಎರಡು ಮೆಟ್ಟಿಲು ಬಿದ್ದರೆ ಡಿಸಡ್ವಾಂಟೇಜ್, ಎರಡು ಉರುಳಿನಲ್ಲಿ ಚಿಕ್ಕದೇ ಗತಿ. ಪ್ರತಿ ಸೆಷನ್‌ನಲ್ಲಿ ಮೊದಲ ತಪ್ಪು ಮಾಫಿ. ಅತಿಯೂ ತಪ್ಪೇ: ಗೌಡನಿಗೆ ‘ತಾವು’ ಅಂದರೆ ಇವನಿಗೇನೋ ಬೇಕಾಗಿದೆ ಅಂತ ಅವನು ಇನ್‌ಸೈಟ್, ಅಂದರೆ ಎದುರಿನವರ ಮನಸ್ಸು ಓದುವ ದಾಳ, ಉರುಳಿಸುತ್ತಾನೆ.

ಆಟಗಾರರು ತಮ್ಮತಮ್ಮಲ್ಲಿ ‘ಲೇ, ನೀನು ಹೋಗೋ’ ಅಂದರೆ ಅದು ರಾಜನ ಕಿವಿಗೆ ಬಿತ್ತೋ ಇಲ್ಲವೋ ಅನ್ನೋ ಜಗಳಕ್ಕೆ ಮೇಜಿನ ನಡುವೆ ಒಂದು ಗೋಟಡಿಕೆ ಇಟ್ಟೆ. ಅಡಿಕೆ ಕೈಯಲ್ಲಿದ್ದಾಗ ಆಡಿದ್ದು ಮಾತ್ರ ದರಬಾರಿನ ಮಾತು. ಸಾವಿರ ರೂಪಾಯಿ ಮಾಡದ ಕೆಲಸವನ್ನು ಒಂದು ಅಡಿಕೆ ಮಾಡಿತು.

ಬಿರುದಿನದು ಬೇರೆ ಕಥೆ. ಡಿ ಅಂಡ್ ಡಿಯ 1974ರ ಮೂಲ ನಿಯಮದಲ್ಲಿ ಲೆವೆಲ್‌ಗೊಂದು ಹೆಸರಿತ್ತು: ಕಾದಾಳು ಒಂದರಲ್ಲಿ ‘ವೆಟರನ್’, ನಾಲ್ಕರಲ್ಲಿ ‘ಹೀರೋ’, ಒಂಬತ್ತರಲ್ಲಿ ‘ಲಾರ್ಡ್’. ಹಾಗೇ ಕೊಟ್ಟು ನೋಡಿದೆ. ತಾನಾಗಿ ಬರುವುದಕ್ಕೆ ಯಾರೂ ಬೆಲೆ ಕೊಡಲಿಲ್ಲ. ತಲಕಾಡು ಗೆದ್ದ ವಿಷ್ಣುವರ್ಧನ ‘ತಲಕಾಡುಗೊಂಡ’ ಆದನಲ್ಲ, ಆ ಅಚ್ಚು ಹಿಡಿದೆ: ಗೆದ್ದದ್ದರ ಹೆಸರಿಗೆ ‘ಗೊಂಡ’. ಒಬ್ಬ ‘ಹರಿಗೋಲುಗೊಂಡ’ ಆದ, ಈಗಲೂ ಬೀಗುತ್ತಾನೆ. ವಿಜಯನಗರದ ‘ಮೂರುರಾಯರ ಗಂಡ’ನ ಅಚ್ಚು ಮಾತ್ರ ಬೇಡ. ಅಲ್ಲಿ ಗಂಡ ಅಂದರೆ ಶೂರ, ಮೇಜಿನ ಸುತ್ತ ಹಾಗೆ ಕೇಳಿಸಲ್ಲ. ‘ಕಳ್ಳರ ಗಂಡ’ ಅಂತ ಘೋಷಿಸಿದ ಮೇಲೆ ಹತ್ತು ನಿಮಿಷ ಆಟ ನಿಂತಿತು. ಅದರ ಜಾಗಕ್ಕೆ ತ್ರಿಭುವನಮಲ್ಲ, ಆಹವಮಲ್ಲ ಅನ್ನೋ ಚಾಲುಕ್ಯ ರಾಜರ ಬಿರುದುಗಳ ‘ಮಲ್ಲ’ ಬಂತು. ಹೆಣ್ಣು ಪಾತ್ರಗಳಿಗೆ ‘ಬೆಡಂಗಿ’, ಅಂದರೆ ಚೆಲುವೆ. ಚಾಲುಕ್ಯರ ಅಕ್ಕಾದೇವಿಗೆ ‘ಗುಣದಬೆಡಂಗಿ’ ಅನ್ನೋ ಬಿರುದಿತ್ತು. ಒಬ್ಬರಿಗೆ ಮೂರೇ ಬಿರುದು. ಕಲ್ಲಲ್ಲಿ ಕೆತ್ತಿಸಲು 50 ಚಿನ್ನ, ಹೊಗಳುಭಟನಿಗೆ 10.

ದೊಡ್ಡ ಸಾಮಂತರಿಗೆ ಸಲ್ಲುತ್ತಿದ್ದ ಐದು ವಾದ್ಯಗಳ ಗೌರವ, ಪಂಚಮಹಾಶಬ್ದವನ್ನೂ ಬಿಡಲಿಲ್ಲ. ಮಹಾಮಂಡಲೇಶ್ವರ ಬಂದಾಗ ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಐದನ್ನೂ ಫೋನಿನಿಂದ ನುಡಿಸಿದೆ. ಎರಡು ಸೆಷನ್ ಚೆಂದ, ಮೂರನೆಯದಕ್ಕೆ ತಲೆನೋವು. ಈಗ ಸ್ಟೀಲ್ ತಟ್ಟೆಗೆ ಸೌಟಿನಿಂದ ಒಂದೇ ಏಟು.

ರಾಜ ಯಾವಾಗ ‘ನೀವು’ ಬಿಟ್ಟು ‘ನೀನು’ಗೆ ಇಳಿಯುತ್ತಾನೆ ಅನ್ನೋದಕ್ಕೆ ನನ್ನ ಹತ್ತಿರ ಏಳು ಸಾಲಿನ ಪಟ್ಟಿ ಇದೆ. ಅದನ್ನು ಇಲ್ಲಿ ಹಾಕಲ್ಲ, ನಮ್ಮ ಹರಿಗೋಲುಗೊಂಡ ಇದನ್ನೂ ಓದುತ್ತಾನೆ.