ಎಸ್.ಪಿ. ರೋಡಿನ ಪುಟ್ಟ ಮೋಟರ್‌ನಿಂದ ಶುರು ಮಾಡಿ

ದುಬಾರಿ ಸೈನ್ಸ್ ಕಿಟ್ ಕೊಡಿಸುವ ಮೊದಲು ಮಗುವನ್ನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಎಸ್.ಪಿ. ರೋಡಿಗೆ ಕರೆದುಕೊಂಡು ಹೋಗಿ. ಒಂದು ಚಿಕ್ಕ 3 ವೋಲ್ಟ್ ಡಿ.ಸಿ. ಮೋಟರ್, ಎರಡು ಸೆಲ್, ಸ್ವಲ್ಪ ವೈರ್ ಸಾಕು. ಮಗಳ ಜೊತೆ ನಾನು ಶುರು ಮಾಡಿದ್ದು ಇಷ್ಟರಿಂದಲೇ.

ಮೋಟರ್ ತುದಿಗೆ ರಟ್ಟಿನ ರೆಕ್ಕೆ ಸಿಕ್ಕಿಸಿ, ಸೆಲ್ ಜೋಡಿಸಿ. ಫ್ಯಾನ್ ತಿರುಗುತ್ತದೆ. ಈಗ ವೈರ್ ಅದಲು ಬದಲು ಮಾಡಿಸಿ. ಉಲ್ಟಾ ತಿರುಗುತ್ತದೆ! ಯಾಕೆ ಅಂತ ತಕ್ಷಣ ಹೇಳಬೇಡಿ. ಕರೆಂಟಿನ ದಿಕ್ಕು ಬದಲಾಗಿದ್ದು ಮಗುವಿಗೇ ಹೊಳೆದರೆ ಆ ಖುಷಿಯೇ ಬೇರೆ, ಅಲ್ವಾ? ಆಮೇಲೆ ಸೆಲ್ ತೆಗೆದು, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಜೋಡಿಸಿ, ಮೋಟರನ್ನು ಕೈಯಿಂದ ತಿರುಗಿಸಲಿ. ಅಂಕಿ ಕದಲುತ್ತದೆ. ಅದೇ ಮೋಟರ್ ಈಗ ಜನರೇಟರ್.

ಗೋಡೆಯ ಪ್ಲಗ್ ಮಾತ್ರ ಬೇಡವೇ ಬೇಡ.

ಇಷ್ಟಾದ ಮೇಲೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿ. ಎಂಜಿನ್‌ಗಳ ಮುಂದೆ ಅವಸರ ಮಾಡಬೇಡಿ. ಪ್ರಶ್ನೆಗಳು ಅಲ್ಲೇ ಜಾಸ್ತಿ ಬರುತ್ತವೆ.