ಆಟೊಕ್ಯಾಡ್ ಹೊಸ ವರ್ಷನ್: ಹಳೆಯದನ್ನು ಅಳಿಸುವ ಮುನ್ನ

ಕಟ್ಟಡ, ಯಂತ್ರಗಳ ನಕ್ಷೆ ಬಿಡಿಸುವ ಪ್ರೋಗ್ರಾಂ ಆಟೊಕ್ಯಾಡ್‌ಗೆ ವರ್ಷಕ್ಕೊಂದು ಹೊಸ ವರ್ಷನ್. ಸಾಮಾನ್ಯವಾಗಿ ಮಾರ್ಚ್ ಆಸುಪಾಸಿಗೆ ಬರುತ್ತದೆ, ಹೆಸರಿಗೆ ಮಾತ್ರ ಮುಂದಿನ ವರ್ಷದ ಅಂಕಿ. ಇನ್‌ಸ್ಟಾಲ್ ಮಾಡುವುದೇನೂ ದೊಡ್ಡ ಕೆಲಸವಲ್ಲ, ತಲೆನೋವು ಶುರುವಾಗುವುದು ಮರುದಿನ. ಬೆರಳಿಗೆ ಒಗ್ಗಿದ ಶಾರ್ಟ್‌ಕಟ್‌ಗಳು ಓಡುವುದಿಲ್ಲ, ಲಿಸ್ಪ್ (ಕೆಲಸ ಹಗುರ ಮಾಡುವ ಪುಟ್ಟ ಪ್ರೋಗ್ರಾಂಗಳು) ಲೋಡ್ ಆಗುವುದಿಲ್ಲ, ಪ್ಲಾಟ್ (ಡ್ರಾಯಿಂಗ್‌ನ ಪ್ರಿಂಟ್) ತೆಗೆದರೆ ಗೋಡೆಯ ಗೆರೆಗೂ ಅಳತೆಯ ಗೆರೆಗೂ ಒಂದೇ ದಪ್ಪ. ಎಲ್ಲರೂ ಹೊಸ ವರ್ಷನ್ ಅನ್ನು ಬೈಯುತ್ತಾರೆ. ಆದರೆ ನಮ್ಮ ಸ್ವಂತ ಫೈಲ್‌ಗಳನ್ನು ಪ್ರೋಗ್ರಾಂನ ಫೋಲ್ಡರ್‌ನೊಳಗೇ ಬಿಟ್ಟಿರುವುದರಿಂದಲೇ ಈ ತೊಂದರೆಗಳಲ್ಲಿ ಮುಕ್ಕಾಲು ಪಾಲು ಬರುತ್ತವೆ.

ಹಳೆಯದರ ಪಕ್ಕದಲ್ಲೇ ಹೊಸದು

ಎರಡು ವರ್ಷನ್‌ಗಳು ಒಂದೇ ಕಂಪ್ಯೂಟರ್‌ನಲ್ಲಿ ಜಗಳವಿಲ್ಲದೆ ಇರುತ್ತವೆ. ಹಳೆಯದನ್ನು ಮುಟ್ಟದೆ ಹೊಸದನ್ನು ಹಾಕಿ. ಬಿಡುಗಡೆಯಾದ ವಾರವೇ ಹಾಕಿಕೊಳ್ಳುವ ಆತುರ ಬೇಡ, 2025ಕ್ಕೆ 2025.1 ಬಂದಂತೆ ಮೊದಲ ಅಪ್‌ಡೇಟ್ ಬರಲಿ. ನಡುಕೆಲಸದಲ್ಲಿರುವ ಪ್ರಾಜೆಕ್ಟನ್ನಂತೂ ಹಳೆಯ ವರ್ಷನ್‌ನಲ್ಲೇ ಮುಗಿಸಿ. ಚಂದಾದಾರರಿಗೆ ಹಿಂದಿನ ಮೂರು ವರ್ಷನ್‌ಗಳನ್ನೂ ಬಳಸುವ ಹಕ್ಕಿದೆ, ಆದ್ದರಿಂದ ಅವಸರಕ್ಕೆ ಕಾರಣವಿಲ್ಲ.

ಮೊದಲ ಸಲ ತೆರೆದಾಗ ‘ಹಳೆಯ ಸೆಟ್ಟಿಂಗ್‌ಗಳನ್ನು ತರಲೇ?’ ಎಂದು ಮೈಗ್ರೇಟ್ ಕಿಟಕಿ ಕೇಳಬಹುದು. ಬೇಡ ಅನ್ನಿ. ಅದು ಬೇಕಾದ್ದರ ಜೊತೆ ಬೇಡವಾದ್ದನ್ನೂ ಹೊತ್ತು ತರುತ್ತದೆ. ಆಮೇಲೆ ಯಾವುದು ಎಲ್ಲಿಂದ ಬಂತೆಂದು ಹುಡುಕುವುದೇ ಕೆಲಸವಾಗುತ್ತದೆ.

ಎಡವುವುದು ಇಲ್ಲೇ: ಸೆಟ್ಟಿಂಗ್ ಸಾಗಿಸುವುದು

ಹೆಚ್ಚಿನವರು ಹಿಡಿಯುವ ಅಡ್ಡದಾರಿ ಪ್ರೊಫೈಲ್ ಫೈಲ್, ಅಂದರೆ ನಮ್ಮ ಸೆಟ್ಟಿಂಗ್‌ಗಳನ್ನು ಒಟ್ಟಿಗೆ ಕಟ್ಟಿಟ್ಟ ಫೈಲ್. ಹಳೆಯದರಲ್ಲಿ ಆಪ್ಷನ್ಸ್ ತೆರೆದು ಪ್ರೊಫೈಲನ್ನು ಎಆರ್‌ಜಿ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡುವುದು, ಹೊಸದರಲ್ಲಿ ಇಂಪೋರ್ಟ್ ಮಾಡುವುದು. ಎರಡೇ ನಿಮಿಷ, ಎಲ್ಲ ಮೊದಲಿನಂತೆಯೇ ಕಾಣುತ್ತದೆ. ಆ ಎಆರ್‌ಜಿಯನ್ನು ಒಮ್ಮೆ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಸಾಲುಸಾಲಿಗೆ ‘ಆಟೊಕ್ಯಾಡ್ 2024’, ‘ಆರ್24.3’ ಎಂಬ ಫೋಲ್ಡರ್ ದಾರಿಗಳಿರುತ್ತವೆ. ಅಂದರೆ ಹೊಸ 2025 ತನ್ನ ಮೆನುವನ್ನೂ ಪ್ಲಾಟರ್ ಪಟ್ಟಿಯನ್ನೂ 2024ರ ಫೋಲ್ಡರ್‌ನಿಂದ ಓದುತ್ತಿದೆ. ಆ ಫೋಲ್ಡರ್ ಇರುವಷ್ಟು ದಿನ ಗೊತ್ತಾಗುವುದೇ ಇಲ್ಲ. ಯಾರೋ ಅದನ್ನು ಅಳಿಸಿದ ದಿನ ಮೆನುವೂ ಮಾಯ, ಪ್ಲಾಟರ್‌ಗಳೂ ಮಾಯ. ಪ್ರೊಫೈಲನ್ನು ಅದೇ ವರ್ಷನ್ ಇರುವ ಇನ್ನೊಂದು ಕಂಪ್ಯೂಟರ್‌ಗೆ ಒಯ್ಯಬಹುದು, ಇನ್ನೊಂದು ವರ್ಷನ್‌ಗೆ ಒಯ್ಯಬಾರದು.

ಸರಿಯಾದ ಕ್ರಮ ಹೀಗೆ. ಡಿ ಡ್ರೈವ್‌ನಲ್ಲೋ ಆಫೀಸಿನ ಸರ್ವರ್‌ನಲ್ಲೋ ವರ್ಷದ ಅಂಕಿಯಿಲ್ಲದ ಒಂದು ಫೋಲ್ಡರ್ ಮಾಡಿ. ಒಳಗೆ ಲಿಸ್ಪ್, ಪ್ಲಾಟ್, ಟೆಂಪ್ಲೇಟ್, ಫಾಂಟ್, ಮೆನು ಎಂದು ಐದು ಉಪಫೋಲ್ಡರ್‌ಗಳು ಸಾಕು. ಹಳೆಯ ಫೈಲ್‌ಗಳು ವಿಂಡೋಸ್‌ನ ಬಚ್ಚಿಟ್ಟ ಆ್ಯಪ್‌ಡೇಟಾ ಫೋಲ್ಡರ್‌ನಲ್ಲಿ, ರೋಮಿಂಗ್ ಒಳಗಿನ ಆಟೊಡೆಸ್ಕ್ ಫೋಲ್ಡರ್‌ನಲ್ಲಿ ಸಿಗುತ್ತವೆ. ಟೆಂಪ್ಲೇಟ್‌ಗಳು ಮಾತ್ರ ಲೋಕಲ್ ಒಳಗೆ. ಸಪೋರ್ಟ್ ಫೋಲ್ಡರನ್ನು ಇಡಿಯಾಗಿ ಎತ್ತಿ ಹಾಕಬೇಡಿ, ಆರಿಸಿ ತನ್ನಿ.

ಶಾರ್ಟ್‌ಕಟ್‌ಗಳು ಪಿಜಿಪಿ ಫೈಲ್‌ನಲ್ಲಿರುತ್ತವೆ. ಹಳೆಯ ಪಿಜಿಪಿಯನ್ನು ಹೊಸದರ ಮೇಲೆ ಹಾಕಿದರೆ ಹೊಸ ಕಮಾಂಡ್‌ಗಳ ಶಾರ್ಟ್‌ಕಟ್ ಕಳೆದುಕೊಳ್ಳುತ್ತೀರಿ. ನೀವೇ ಬದಲಿಸಿದ ಸಾಲುಗಳನ್ನಷ್ಟೇ ಕಾಪಿ ಮಾಡಿ, ಹೊಸ ಪಿಜಿಪಿಯ ಕೊನೆಯಲ್ಲಿ ಬಳಕೆದಾರರಿಗೆಂದೇ ಬಿಟ್ಟ ಭಾಗದಲ್ಲಿ ಅಂಟಿಸಿ. ಒಂದೇ ಶಾರ್ಟ್‌ಕಟ್ ಎರಡು ಕಡೆ ಇದ್ದರೆ ಕೊನೆಯದೇ ಗೆಲ್ಲುತ್ತದೆ. ರೀಇನಿಟ್ ಕಮಾಂಡ್ ಕೊಟ್ಟರೆ ಪ್ರೋಗ್ರಾಂ ಮುಚ್ಚದೆಯೇ ಜಾರಿಗೆ ಬರುತ್ತದೆ.

ಮೆನುವಿಗೂ ಇದೇ ಮಾತು. ಮೆನು, ಬಟನ್‌ಗಳಿರುವ ಮುಖ್ಯ ಸಿಯುಐಎಕ್ಸ್ ಫೈಲಿನ ಜಾಗಕ್ಕೆ ಹಳೆಯದನ್ನು ಹಾಕಿದರೆ ರಿಬ್ಬನ್‌ನಲ್ಲಿ ಹೊಸ ಬಟನ್‌ಗಳೇ ಇರುವುದಿಲ್ಲ, ಕೆಲವು ಹಳೆಯ ಬಟನ್‌ಗಳ ಚಿತ್ರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಸಿಯುಐ ಕಿಟಕಿಯ ಟ್ರಾನ್ಸ್‌ಫರ್ ಟ್ಯಾಬ್‌ನಲ್ಲಿ ಎಡಗಡೆ ಹಳೆಯ ಫೈಲ್, ಬಲಗಡೆ ಖಾಲಿ ಹೊಸ ಫೈಲ್ ಇಟ್ಟುಕೊಂಡು ನಿಮ್ಮ ಟೂಲ್‌ಬಾರ್‌ಗಳನ್ನಷ್ಟೇ ಎಳೆದು ಹಾಕಿ, ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಸಿಯುಐಲೋಡ್ ಕಮಾಂಡ್‌ನಿಂದ ಅದನ್ನು ಪಾರ್ಶಿಯಲ್ ಮೆನುವಾಗಿ, ಅಂದರೆ ಮುಖ್ಯ ಮೆನುವಿನ ಜೊತೆಗಿನ ಉಪಮೆನುವಾಗಿ ಸೇರಿಸಿ. ಒಮ್ಮೆ ಹೀಗೆ ಬೇರ್ಪಡಿಸಿಟ್ಟರೆ ಮುಂದಿನ ವರ್ಷ ಲೋಡ್ ಮಾಡುವುದಷ್ಟೇ ಕೆಲಸ.

ನಿಮ್ಮ ಹ್ಯಾಚ್ (ಜಾಗ ತುಂಬುವ ಗೆರೆಗಳ ಮಾದರಿ) ಮತ್ತು ಲೈನ್‌ಟೈಪ್‌ಗಳನ್ನು (ಚುಕ್ಕಿಗೆರೆಯಂಥ ಗೆರೆಯ ಬಗೆಗಳು) ಆಟೊಕ್ಯಾಡ್‌ನ ಮೂಲ ಫೈಲ್‌ಗಳಲ್ಲಿ ತುರುಕಿದ್ದರೆ ಈಗಲೇ ಹೊರತೆಗೆಯಿರಿ. ಹ್ಯಾಚ್‌ಗೆ ಒಂದು ಮಾದರಿಗೆ ಒಂದು ಪಿಎಟಿ ಫೈಲ್, ಮಾದರಿಯ ಹೆಸರೇ ಫೈಲ್‌ಗೂ ಇರಬೇಕು.

ಇನ್ನು ಆಪ್ಷನ್ಸ್‌ನ ಫೈಲ್ಸ್ ಟ್ಯಾಬ್. ಸಪೋರ್ಟ್ ಫೈಲ್ ಸರ್ಚ್ ಪಾತ್‌ನಲ್ಲಿ ನಿಮ್ಮ ಫೋಲ್ಡರ್‌ಗಳನ್ನು ಸೇರಿಸಿ, ಮೂವ್ ಅಪ್ ಒತ್ತಿ ಮೇಲಕ್ಕೆ ತನ್ನಿ. ಹುಡುಕಾಟ ಮೇಲಿನಿಂದ ಕೆಳಕ್ಕೆ ನಡೆಯುತ್ತದೆ, ಮೊದಲು ಸಿಕ್ಕಿದ್ದೇ ಲೋಡ್ ಆಗುತ್ತದೆ. ಲಿಸ್ಪ್ ಫೋಲ್ಡರನ್ನು ಟ್ರಸ್ಟೆಡ್ ಲೊಕೇಶನ್ಸ್‌ಗೂ ಸೇರಿಸಿ. 2014ರಿಂದ ಈಚೆಗೆ ಅಲ್ಲಿಲ್ಲದ ಫೋಲ್ಡರ್‌ನ ಲಿಸ್ಪ್‌ಗೆ ಎಚ್ಚರಿಕೆಯ ಕಿಟಕಿ ಬರುತ್ತದೆ. ಆ ಕಾಟ ತಪ್ಪಿಸಲು ಸೆಕ್ಯೂರ್‌ಲೋಡ್ ಎಂಬ ಸೆಟ್ಟಿಂಗ್ ಅನ್ನು 0 ಮಾಡಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ, ಕೇಳಬೇಡಿ. ಡ್ರಾಯಿಂಗ್ ಜೊತೆ ಬಂದ ಫೋಲ್ಡರ್‌ನಲ್ಲೇ ಕೂತಿರುವ ಲಿಸ್ಪ್ ವೈರಸ್‌ಗಳಿಗೆ ಬಾಗಿಲು ತೆರೆದಿಟ್ಟಂತೆ.

ಫೈಲ್ ತೆರೆಯಲು ಹೋದರೆ ಕಿಟಕಿಯೇ ಬರದೆ ಕೆಳಗೆ ಹೆಸರು ಕೇಳಿದರೆ ಫೈಲ್‌ಡಯಾ ಎಂಬ ಸೆಟ್ಟಿಂಗ್ 0 ಆಗಿದೆ, 1 ಮಾಡಿ. ಆಯ್ಕೆ ಮಾಡಿದ ವಸ್ತುವಿನ ಮೇಲೆ ಕಮಾಂಡ್ ಓಡದಿದ್ದರೆ ಪಿಕ್‌ಫಸ್ಟ್ ಸೆಟ್ಟಿಂಗ್ ನೋಡಿ. ಇಂಥ ಸೆಟ್ಟಿಂಗ್‌ಗಳ ಅಂಕಿ ಬದಲಾದರೆ ಗಮನಿಸಿ ಹೇಳಲು 2016ರಿಂದ ಸಿಸ್‌ವಾರ್‌ಮಾನಿಟರ್ ಇದೆ.

ಟೆಂಪ್ಲೇಟ್

ಹೊಸ ಡ್ರಾಯಿಂಗ್ ತೆರೆಯುವ ಕ್ಯೂನ್ಯೂ ಕಮಾಂಡ್‌ಗೆ ನಿಮ್ಮದೇ ಟೆಂಪ್ಲೇಟನ್ನು ಫೈಲ್ಸ್ ಟ್ಯಾಬ್‌ನಲ್ಲೇ ನಮೂದಿಸಿ. ಇಲ್ಲವಾದರೆ ಇಂಚಿನ ಟೆಂಪ್ಲೇಟ್ ತೆರೆದುಕೊಂಡು ಮಿಲಿಮೀಟರ್ ಡ್ರಾಯಿಂಗ್‌ನ ಹ್ಯಾಚ್ ಕಪ್ಪು ಮಸಿಯಾಗಬಹುದು.

ಪ್ಲಾಟ್ ಪರೀಕ್ಷೆ

ಗೆರೆಯ ದಪ್ಪ ಸಿಟಿಬಿಯಲ್ಲಿ, ಪ್ಲಾಟರ್ ವಿವರ ಪಿಸಿ3ಯಲ್ಲಿ, ನೀವೇ ಸೇರಿಸಿದ ಕಾಗದದ ಅಳತೆ ಪಿಎಂಪಿಯಲ್ಲಿ. ಪಿಸಿ3 ತಂದು ಪಿಎಂಪಿ ಮರೆತರೆ ನಿಮ್ಮ ಅಳತೆಯ ಕಾಗದ ಪಟ್ಟಿಯಲ್ಲಿ ಇರುವುದಿಲ್ಲ. ಮೂರನ್ನೂ ತಂದು, ಅವುಗಳ ಹುಡುಕಾಟದ ದಾರಿಗಳನ್ನು ಪ್ರಿಂಟರ್ ಸಪೋರ್ಟ್ ಫೈಲ್ ಪಾತ್ ಅಡಿಯಲ್ಲಿ ತೋರಿಸಿ. ಆಮೇಲೆ ಒಂದೇ ಶೀಟನ್ನು ಎರಡೂ ವರ್ಷನ್‌ಗಳಿಂದ ಪಿಡಿಎಫ್ ಮಾಡಿ ಪಕ್ಕಪಕ್ಕ ಇಟ್ಟು ಶೇ 400ಕ್ಕೆ ಹಿಗ್ಗಿಸಿ ನೋಡಿ. ಗೆರೆಯ ದಪ್ಪ, ಅಕ್ಷರದ ಅಗಲ, ಚುಕ್ಕಿಗೆರೆಯ ಅಂತರ ಮೂರೂ ಹೊಂದಬೇಕು. ಅಕ್ಷರ ಅಗಲವಾಗಿದ್ದರೆ ಆಟೊಕ್ಯಾಡ್‌ನದೇ ಆದ ಎಸ್‌ಎಚ್‌ಎಕ್ಸ್ ಫಾಂಟ್ ಸಿಗದೆ ಬದಲಿ ಫಾಂಟ್ ಬಂದಿದೆ ಎಂದರ್ಥ.

ಬೇರೆಯವರಿಗೆ ಕಳಿಸುವಾಗ

ವರ್ಷನ್ ವರ್ಷಕ್ಕೊಮ್ಮೆ ಬಂದರೂ ಡ್ರಾಯಿಂಗ್ ಸೇವ್ ಆಗುವ ಡಿಡಬ್ಲ್ಯುಜಿ ಫಾರ್ಮ್ಯಾಟ್ ಹಾಗೆ ಬದಲಾಗುವುದಿಲ್ಲ. 2013ರ ಫಾರ್ಮ್ಯಾಟ್ 2017ರವರೆಗೆ ನಡೆಯಿತು. 2018ರದ್ದು 2025ರಲ್ಲೂ ಅದೇ. ಬಂದ ಫೈಲ್ ಯಾವುದೆಂದು ತಿಳಿಯಲು ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಸೇವ್ ಮಾತ್ರ ಮಾಡಬೇಡಿ. ಮೊದಲ ಆರು ಅಕ್ಷರ ಎಸಿ1032 ಆದರೆ 2018, ಎಸಿ1027 ಆದರೆ 2013, ಎಸಿ1024 ಆದರೆ 2010.

ಎದುರಿನವರ ಬಳಿ ಏನಿದೆಯೋ ಗೊತ್ತಿಲ್ಲದಿದ್ದರೆ 2013ಕ್ಕೆ ಸೇವ್ ಮಾಡಿ, ಜೊತೆಗೆ ಪಿಡಿಎಫ್ ಕಳಿಸಿ. ‘ಎಲ್ಲರಿಗೂ ತೆರೆಯಲಿ’ ಎಂದು 2000ಕ್ಕೆ ಇಳಿಸುವುದು ಕೆಟ್ಟ ಅಭ್ಯಾಸ. ಆ ಕಾಲದಲ್ಲಿಲ್ಲದ ವಸ್ತುಗಳು ಬ್ಲಾಕ್ ಆಗಿಯೋ ಬಿಡಿಗೆರೆಗಳಾಗಿಯೋ ಒಡೆದು ಹೋಗಬಹುದು. ನೂರಾರು ಫೈಲ್ ಇದ್ದರೆ ಉಚಿತವಾಗಿ ಸಿಗುವ ಡಿಡಬ್ಲ್ಯುಜಿ ಟ್ರೂವ್ಯೂ ಒಟ್ಟಿಗೇ ಬದಲಿಸಿಕೊಡುತ್ತದೆ. ಆನ್‌ಲೈನ್ ಕನ್ವರ್ಟರ್‌ಗಳಿಗೆ ಗ್ರಾಹಕರ ಡ್ರಾಯಿಂಗ್ ಹಾಕುವುದು ಬೇಡವೇ ಬೇಡ.

ಪ್ಲಗಿನ್‌ಗಳು

ಸಾದಾ ಲಿಸ್ಪ್ ಫೈಲ್‌ಗಳು ಸಾಮಾನ್ಯವಾಗಿ ಹಾಗೇ ಓಡುತ್ತವೆ. ಡಿಎಲ್‌ಎಲ್ ಮತ್ತು ಎಆರ್‌ಎಕ್ಸ್ ಫೈಲ್‌ಗಳಾಗಿ ಬರುವ ಪ್ಲಗಿನ್‌ಗಳ (ಆಟೊಕ್ಯಾಡ್‌ಗೆ ಸೇರಿಸುವ ಹೆಚ್ಚುವರಿ ಪ್ರೋಗ್ರಾಂಗಳು) ಕಥೆ ಬೇರೆ. 2025ರಲ್ಲಿ ಆಟೊಕ್ಯಾಡ್ ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆ ಡಾಟ್‌ನೆಟ್ 8ಕ್ಕೆ ಹೋಯಿತು, ಹಾಗಾಗಿ 2024ಕ್ಕೆ ಮಾಡಿದ ಡಿಎಲ್‌ಎಲ್ ಪ್ಲಗಿನ್‌ಗಳನ್ನು ಹೊಸದಾಗಿ ಸಿದ್ಧಪಡಿಸಬೇಕಾಯಿತು. ನಿಮ್ಮ ದಿನದ ಕೆಲಸ ಇಂಥ ಪ್ಲಗಿನ್ ಮೇಲೆ ನಿಂತಿದ್ದರೆ, ಅದನ್ನು ಮಾಡಿದವರು ಹೊಸ ವರ್ಷನ್‌ಗೆ ಕೊಡುವವರೆಗೆ ಹೊಸದಕ್ಕೆ ಹೋಗಬೇಡಿ.

ಇಷ್ಟಾದ ಮೇಲೆ ಒಂದು ಪೂರ್ತಿ ಕೆಲಸವನ್ನು, ಖಾಲಿ ಹಾಳೆಯಿಂದ ಪ್ಲಾಟ್‌ವರೆಗೆ, ಹೊಸದರಲ್ಲೇ ಮುಗಿಸಿ. ಏನೂ ತಡೆಯದಿದ್ದರೆ ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ, ಆದರೆ ರೋಮಿಂಗ್‌ನಲ್ಲಿನ ಅದರ ಫೋಲ್ಡರನ್ನು ಮೊದಲು ಜಿಪ್ ಮಾಡಿ ಎತ್ತಿಡಿ.