ಖಾಲಿ ಕಂಡ ಹೋಮ್ ಫೋಲ್ಡರ್

ಶಿರಸೀಲಿ ನಮ್ದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಹೋದ ಮಳೆಗಾಲದಲ್ಲಿ ಸಿದ್ದಾಪುರ ಕಡೆ ತೋಟದವ್ರೊಬ್ರು ಹಳೇ ಲ್ಯಾಪ್‌ಟಾಪ್ ತಂದ್ರು, ಅದ್ರಲ್ಲಿ ವಿಂಡೋಸ್ ಥರದ್ದೇ ಇನ್ನೊಂದು ಓಎಸ್, ಉಬುಂಟು 16.04. "ಪಾಸ್‌ವರ್ಡ್ ಕೊಟ್ರೆ ತಿರುಗಿ ಅಲ್ಲಿಗೇ ಬತ್ತು ತಮಾ, ಬೇಕಾರೆ ಫಾರ್ಮ್ಯಾಟ್ ಹೊಡಿ, ಆದ್ರೆ ಮಗಳ ಮದುವೆ ಫೋಟೋ ಎಲ್ಲಾ ಅದ್ರಲ್ಲೇ ಇದ್ದು" ಅಂದ್ರು.

ಪೆನ್‌ಡ್ರೈವಿಂದಲೇ ಓಡೋ ಲೈವ್ ಉಬುಂಟು ಬೂಟ್ ಮಾಡಿ ಅವ್ರ ಹೋಮ್, ಅಂದ್ರೆ ಅವ್ರ ಫೈಲೆಲ್ಲಾ ಇರ್ಬೇಕಾದ ಫೋಲ್ಡರ್, ತೆಗೆದ್ರೆ ಎರಡೇ ಎರಡು ಫೈಲು, ಒಂದು ರೀಡ್‌ಮೀ, ಇನ್ನೊಂದು ಆಕ್ಸೆಸ್ ಯುವರ್ ಪ್ರೈವೇಟ್ ಡೇಟಾ ಅಂತ. ಫೋಟೋ ಎಲ್ಲಾ ಹೋಯ್ತು ಮಾರಾಯಾ ಅಂದ್ಕೊಂಡೆ. ಆದ್ರೆ ಡಿಸ್ಕಲ್ಲಿ 41 ಜಿಬಿ ಬಳಸಿದ್ದು ಅಂತ ತೋರಿಸ್ತಿತ್ತು, ಅಷ್ಟು ಎಲ್ಲಿ ಕೂತಿದೆ ಹಾಗಾದ್ರೆ? ಹಿಡನ್ ಫೈಲ್ ಆನ್ ಮಾಡಿ ಒಂದು ಹೆಜ್ಜೆ ಮೇಲೆ, ಅಂದ್ರೆ ಎಲ್ಲಾ ಯೂಸರ್‌ಗಳ ಫೋಲ್ಡರ್ ಇರೋ /home ಒಳಗೆ ನೋಡಿದ್ರೆ ಡಾಟ್ ಇಕ್ರಿಪ್ಟ್‌ಎಫ್ಎಸ್ ಅಂತ ಫೋಲ್ಡರ್, ಅದ್ರೊಳಗೆ ಅವ್ರ ಯೂಸರ್ ಹೆಸರು, ಅದ್ರೊಳಗೆ ಡಾಟ್ ಪ್ರೈವೇಟ್. ಅಲ್ಲಿರೋ ಫೈಲ್ ಹೆಸರೆಲ್ಲಾ ಇಕ್ರಿಪ್ಟ್‌ಎಫ್ಎಸ್ ಎಫ್ಎನ್ಇಕೆ ಎನ್‌ಕ್ರಿಪ್ಟೆಡ್ ಅಂತ ಶುರುವಾಗಿ ಮುಂದೆ ಉದ್ದಕ್ಕೆ ಅರ್ಥವಿಲ್ಲದ ಅಕ್ಷರ. ಇದು ಕಂಡ್ರೆ ಮತ್ತೆ ಅನುಮಾನ ಬೇಡ, ಹೋಮ್ ಎನ್‌ಕ್ರಿಪ್ಟ್ ಆಗಿದೆ, ಅಂದ್ರೆ ಕೀ ಇಲ್ದೆ ಓದಕ್ಕಾಗದ ಹಾಗೆ ಲಾಕ್ ಆಗಿದೆ. ಇಡೀ ಡಿಸ್ಕ್ ಲಾಕ್ ಆಗಿದ್ರೆ ಬೂಟ್ ಆಗುವಾಗ್ಲೇ ಪಾಸ್‌ವರ್ಡ್ ಕೇಳುತ್ತೆ, ಇದು ಹಾಗಲ್ಲ, ಲಾಗಿನ್ ಆದ್ಮೇಲೆ ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತೆ, ಅದಕ್ಕೇ ಎಷ್ಟೋ ಜನಕ್ಕೆ ತಮ್ಮದು ಎನ್‌ಕ್ರಿಪ್ಟ್ ಆಗಿದೆ ಅನ್ನೋದೇ ಗೊತ್ತಿರಲ್ಲ. ಇನ್‌ಸ್ಟಾಲ್ ಮಾಡುವಾಗ ಯಾರೋ ಒಂದು ಟಿಕ್ ಹಾಕಿರ್ತಾರೆ. 18.04ರಿಂದ ಇನ್‌ಸ್ಟಾಲರಲ್ಲಿ ಆ ಟಿಕ್ಕೇ ಇಲ್ಲ ಬಿಡಿ, ಹಳೇ ಮಷಿನಲ್ಲೇ ಈ ಕಾಟ.

ಕೇಳಿದ್ರೆ, ಪಾಸ್‌ವರ್ಡ್ ಮರ್ತೋಯ್ತು ಅಂತ ಅವ್ರ ಅಳಿಯ ರಿಕವರಿ ಮೋಡಲ್ಲಿ ರೂಟ್ ಆಗಿ, ಅಂದ್ರೆ ಎಲ್ಲಾ ಅಧಿಕಾರ ಇರೋ ಯೂಸರ್ ಆಗಿ, ಹೊಸದು ಹಾಕಿದ್ರಂತೆ. ಎಡವಟ್ಟಾಗಿದ್ದು ಅಲ್ಲೇ. ಫೈಲು ಬಿಚ್ಚೋ ನಿಜವಾದ ಕೀ ಬೇರೆ ಇರುತ್ತೆ, ಅದನ್ನ ಹಳೇ ಲಾಗಿನ್ ಪಾಸ್‌ವರ್ಡಿಂದ ಸುತ್ತಿ ಇಟ್ಟಿರುತ್ತೆ, ರೂಟ್ ಆಗಿ ಲಾಗಿನ್ ಪಾಸ್‌ವರ್ಡ್ ಬದಲಿಸಿದ್ರೆ ಆ ಸುತ್ತು ಬದಲಾಗಲ್ಲ. ಹಳೇದು ಬೇಕೇ ಬೇಕು ಅಂದೆ. ಅವ್ರು ಮನೆಗೆ ಹೋಗಿ ಮರುದಿನ ಫೋನ್ ಮಾಡಿದ್ರು, ಸೊಸೈಟಿ ಪಾಸ್‌ಬುಕ್ಕಿನ ಹಿಂದೆ ಬರೆದಿಟ್ಟಿದ್ರಂತೆ.

ಇಕ್ರಿಪ್ಟ್‌ಎಫ್ಎಸ್ ರಿಕವರ್ ಪ್ರೈವೇಟ್ ಅನ್ನೋ ಕಮಾಂಡ್ ಸುಡೋ ಹಾಕಿ, ಅಂದ್ರೆ ರೂಟ್ ಅಧಿಕಾರದಲ್ಲಿ, ಓಡಿಸಿದೆ. ಅದೇ ಹುಡುಕಿ, ಈ ಫೋಲ್ಡರ್ ಹೌದಾ ಅಂತ ಕೇಳಿ, ಲಾಗಿನ್ ಪಾಸ್‌ವರ್ಡ್ ತಗೊಂಡು ಟೆಂಪ್ ಅನ್ನೋ ತಾತ್ಕಾಲಿಕ ಫೋಲ್ಡರ್ ಒಳಗೆ ಎಲ್ಲಾ ತೆರೆದಿಡ್ತು, ರೀಡ್ ಓನ್ಲಿ, ಅಂದ್ರೆ ಓದೋಕೆ ಮಾತ್ರ ಆಗೋ ಹಾಗೆ, ಹಾಗಾಗಿ ನಮ್ಮ ಕೈಯಿಂದ ಕೆಡೋ ಭಯ ಇಲ್ಲ. ಬೇರೆ ಹಾರ್ಡ್‌ಡಿಸ್ಕಿಗೆ ಕಾಪಿ ಆಗೋಕೆ ಸಂಜೆ ಆಯ್ತು, ಮಧ್ಯ ಎರಡು ಸಲ ಕರೆಂಟ್ ಬೇರೆ ಹೋಯ್ತು.

ಆ ಪಾಸ್‌ವರ್ಡ್ ಏನು ಅಂತ ಹೇಳಲ್ಲ, ಅವ್ರ ಕೊಟ್ಟಿಗೆಯ ಆಕಳ ಹೆಸರು ಅಂತಷ್ಟೇ ಹೇಳ್ತೆ.